ಹೆಜ್ಜೆ ಸಪ್ಪಳ ಕೇಳಿಸುವ ಚೌಕ

ಜರ್ಮನಿಯ ಕೋಲ್ನ್ ನಗರದಲ್ಲಿ ಒಂದು ಚೌಕ ಇದೆ. ರೈಲ್ವೆ ಸ್ಟೇಷನ್‌ನಿಂದ ಹೊರಬಂದು, ಆ ದೊಡ್ಡ ಕೆಥೆಡ್ರಲ್ ಬಳಸಿಕೊಂಡು ರೈನ್ ನದಿಯ ಕಡೆ ಸ್ವಲ್ಪ ನಡೆದರೆ ಸಿಗುತ್ತೆ. ಇಟ್ಟಿಗೆ, ಗ್ರಾನೈಟ್ ಹಾಸಿದ ವಿಶಾಲವಾದ ಜಾಗ. ಸಂಜೆ ಹೊತ್ತು ಅಲ್ಲಿಗೆ ಹೋಗಿ, ನದಿ ನೋಡೋಣ ಅಂತ ಕಾಲಿಟ್ಟರೆ ಜಾಕೆಟ್ ತೊಟ್ಟ ಕಾವಲಿನವರೊಬ್ಬರು ಕೈ ಅಡ್ಡ ಮಾಡಿ ನಿಲ್ಲಿಸ್ತಾರೆ. ಸುತ್ತು ಹಾಕಿಕೊಂಡು ಹೋಗಿ, ಈಗ ಇಲ್ಲಿ ನಡೆಯೋ ಹಾಗಿಲ್ಲ ಅಂತಾರೆ.

ಮೊದಲ ಸಲ ನನಗೆ ರೇಗಿತ್ತು. ಗೇಟಿಲ್ಲ, ಬೇಲಿಯಿಲ್ಲ, ಟಿಕೆಟ್ಟಿಲ್ಲ. ಬಯಲಲ್ಲಿ ನಡೆಯೋದಕ್ಕೂ ಅಪ್ಪಣೆ ಬೇಕಾ? ಆಮೇಲೆ ಗೊತ್ತಾಯ್ತು. ಆ ಚೌಕದ ನೆಲ ಅಂದರೆ ಕೆಳಗಿರುವ ಫಿಲ್‌ಹಾರ್ಮನಿ ಸಂಗೀತ ಸಭಾಂಗಣದ ಚಾವಣಿ. 1986ರಲ್ಲಿ ತೆರೆದ ಆ ಸಭಾಂಗಣದಲ್ಲಿ ಸುಮಾರು 2,000 ಜನ ಕೂರ್ತಾರೆ. ಮೇಲೆ ಯಾರಾದರೂ ಹೀಲ್ಸ್ ಹಾಕಿಕೊಂಡು ನಡೆದರೆ, ಸ್ಕೇಟ್‌ಬೋರ್ಡ್ ಓಡಿಸಿದರೆ, ಸೂಟ್‌ಕೇಸ್ ಎಳೆದುಕೊಂಡು ಹೋದರೆ ಕೆಳಗೆ ಬೀಥೋವನ್ ನಡುವೆ ಅದು ಕೇಳಿಸುತ್ತೆ. ಹಾಗಾಗಿ ಕಛೇರಿ ನಡೆಯುವಾಗಲೆಲ್ಲ ಮನುಷ್ಯರನ್ನೇ ನಿಲ್ಲಿಸಿ ಚೌಕ ಮುಚ್ಚೋದು. ಸಾಫ್ಟ್‌ವೇರ್‌ನವರ ಭಾಷೆಯಲ್ಲಿ ಹೇಳೋದಾದರೆ, ಪ್ರೊಡಕ್ಷನ್‌ನಲ್ಲಿ ಸಿಕ್ಕ ಬಗ್‌ಗೆ ದಿನಾ ಕೈಯಿಂದಲೇ ಹಾಕುವ ಪ್ಯಾಚು.

ಈ ಚೌಕದ ಹೆಸರು ಹೈನ್‌ರಿಖ್ ಬೋಲ್ ಪ್ಲಾಟ್ಸ್. 1972ರಲ್ಲಿ ನೊಬೆಲ್ ಪಡೆದ, ಇದೇ ಊರಲ್ಲಿ 1917ರಲ್ಲಿ ಹುಟ್ಟಿದ ಕಾದಂಬರಿಕಾರನ ಹೆಸರು. ಬೀದಿಯಲ್ಲಿ ನಡೆಯುವ ಸಾಮಾನ್ಯ ಜನರ ಹೆಜ್ಜೆ ಸಪ್ಪಳವನ್ನೇ ಜೀವನವಿಡೀ ಬರೆದವನ ಹೆಸರಿನ ಚೌಕದಲ್ಲಿ ಹೆಜ್ಜೆ ಸಪ್ಪಳ ಮಾಡೋ ಹಾಗಿಲ್ಲ. ನಗಬೇಕೋ ಏನು ಮಾಡಬೇಕೋ ಗೊತ್ತಾಗಲಿಲ್ಲ. ಆ ತಮಾಷೆಯಿಂದಲೇ ನಾನು ಬೋಲ್‌ನನ್ನು ಓದೋಕೆ ಶುರು ಮಾಡಿದ್ದು.

ಕೆಲಸದ ಮೇಲೆ ಈ ಊರಿಗೆ ಬಂದು ಮೂರು ವರ್ಷ. ಅದಕ್ಕೂ ಮುಂಚೆ ಕೋಲ್ನ್ ಅಂದರೆ ನನಗೆ ಗೊತ್ತಿದ್ದದ್ದು ಅಜ್ಜಿಯ ಓಡಿಕೋಲೋನ್ ಮಾತ್ರ. ಜ್ವರ ಬಂದಾಗ ಒದ್ದೆ ಬಟ್ಟೆಗೆ ನಾಲ್ಕು ಹನಿ ಹಾಕಿ ಹಣೆ ಮೇಲೆ ಇಡ್ತಿದ್ದರಲ್ಲ, ಅದೇ. 'ಕೋಲ್ನ್‌ನ ನೀರು' ಅಂತ ಫ್ರೆಂಚಿನಲ್ಲಿ ಅದರ ಅರ್ಥ ಅಂತ ಇಲ್ಲಿಗೆ ಬಂದ ಮೇಲೆ ತಿಳೀತು.

ಟೂರಿಸ್ಟ್ ಆಗಿ ಬಂದರೆ ನೀವು ನೋಡೋದು ಕೆಥೆಡ್ರಲ್. 1248ರಲ್ಲಿ ಶುರುವಾಗಿ 1880ರಲ್ಲಿ ಮುಗಿದ ಕಟ್ಟಡ, 157 ಮೀಟರ್ ಎತ್ತರ, ಗೋಪುರ ಹತ್ತೋಕೆ 533 ಮೆಟ್ಟಿಲು. ಹತ್ತಿ ಇಳಿದು, ಹೊಹೆನ್‌ಸಾಲೆರ್ನ್ ಸೇತುವೆಯ ಮೇಲೆ ಪ್ರೇಮಿಗಳು ಹಾಕಿದ ಬೀಗಗಳ ಫೋಟೋ ತೆಗೆದುಕೊಂಡರೆ ಒಂದು ದಿನದ ಪ್ರವಾಸ ಮುಗೀತು. ನಾನೂ ಅಷ್ಟೇ ಮಾಡಿದ್ದೆ. ಊರು ಹಳೇದು, ಚೆನ್ನಾಗಿದೆ ಅಂತ ಮನೆಗೆ ಹೇಳಿದ್ದೆ.

ಅದು ತಪ್ಪು. ಊರಿನ ನಡುಭಾಗದಲ್ಲಿ ಹಳೇದು ಅನ್ನೋದು ಬಹಳ ಕಡಿಮೆ. ಎರಡನೇ ಮಹಾಯುದ್ಧದಲ್ಲಿ ಈ ಊರಿನ ಮೇಲೆ 262 ಸಲ ವಿಮಾನ ದಾಳಿ ಆಯ್ತು. 1942ರ ಮೇ 30ರ ಒಂದೇ ರಾತ್ರಿ ಬ್ರಿಟನ್ ಸಾವಿರ ವಿಮಾನ ಕಳಿಸಿತು. ಯುದ್ಧ ಮುಗಿಯೋ ಹೊತ್ತಿಗೆ ಒಳನಗರದ 90 ಶೇಕಡಾಕ್ಕಿಂತ ಹೆಚ್ಚು ಭಾಗ ನೆಲಸಮ. ಏಳು ಲಕ್ಷಕ್ಕೂ ಮೀರಿ ಜನ ಇದ್ದ ಊರಲ್ಲಿ ಉಳಿದದ್ದು ಕೆಲವು ಹತ್ತು ಸಾವಿರ ಜನ. ಕೆಥೆಡ್ರಲ್ ನಿಂತಿತ್ತು, ಆದರೆ ಗಾಯವಾಗಿ. ಉತ್ತರ ಗೋಪುರದ ಬುಡಕ್ಕೆ ಬಾಂಬು ಬಿದ್ದು ಕಿತ್ತುಹೋದ ಕಡೆ 1943ರಲ್ಲಿ ಸುಮಾರು 20,000 ಇಟ್ಟಿಗೆ ತುಂಬಿ ಅವಸರದಲ್ಲಿ ಆನಿಸಿ ನಿಲ್ಲಿಸಿದರು. ಹಲ್ಲಿಗೆ ತುಂಬುವ ಸಿಮೆಂಟಿನ ಹಾಗೆ. ಅದನ್ನು 'ಪ್ಲೊಂಬೆ' ಅಂತಲೇ ಕರೀತಿದ್ದರು, ಹಲ್ಲಿನ ಫಿಲ್ಲಿಂಗ್ ಅಂತಲೇ ಅರ್ಥ. 2005ರ ಹೊತ್ತಿಗೆ ಅದರ ಮೇಲೆ ಕಲ್ಲು ಹೊದಿಸಿ ಮುಚ್ಚಿದರು. ಈಗ ಆ ಗೋಪುರದ ಕೆಳಗೆ ನಿಂತು ಹುಡುಕಿದರೆ ನಮ್ಮಂಥವರ ಕಣ್ಣಿಗೆ ಏನೂ ಬೀಳಲ್ಲ.

ಆರು ವರ್ಷ ಸಿಪಾಯಿಯಾಗಿದ್ದು, ಸೆರೆಯಲ್ಲಿದ್ದು, 1945ರ ಕೊನೆಗೆ ಬೋಲ್ ಮರಳಿ ಬಂದದ್ದು ಈ ಇಟ್ಟಿಗೆ ರಾಶಿಗೆ. ಅವನ ಪೀಳಿಗೆಯವರು ಬರೆದದ್ದನ್ನು 'ಅವಶೇಷಗಳ ಸಾಹಿತ್ಯ' ಅಂತ ಜನ ಸ್ವಲ್ಪ ಮೂಗುಮುರಿದೇ ಕರೆದರು. 1952ರಲ್ಲಿ ಅವನು ಅದಕ್ಕೊಂದು ಉತ್ತರ ಬರೆದ. ಹೌದು, ನಮ್ಮದು ಅದೇ, ನಾಚಿಕೆ ಏನಿದೆ ಅನ್ನೋ ಧಾಟಿ. ಆ ಪ್ರಬಂಧದಲ್ಲಿ ಅವನು ದೊಡ್ಡ ತತ್ವ ಹೇಳಲ್ಲ. ಬರೆಯುವವನಿಗೆ ಬೇಕಾದ ಸಲಕರಣೆ ಅಂದರೆ ಒಳ್ಳೆಯ ಕಣ್ಣು ಅಂತಾನೆ. ಡಿಕನ್ಸ್ ಲಂಡನ್ನಿನ ಜೈಲು, ಅನಾಥಾಲಯ, ಶಾಲೆಗಳನ್ನು ಹೇಗೆ ನೋಡಿದ ಅಂತ ನೆನಪಿಸ್ತಾನೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆಡುವ ಆಟ ನಮಗೆ ಬೇಡ ಅಂತಾನೆ.

ಆದರೆ ಜನಕ್ಕೆ ನೋಡೋದು ಬೇಕಿರಲಿಲ್ಲ. ಯುದ್ಧ ಮುಗಿದ ದಿನವೇ ಈ ಊರಿಗೆ ಮರಳುವ ಸಿಪಾಯಿಯ ಕಥೆ 'ದೇವದೂತ ಮೌನವಾಗಿದ್ದ' ಅನ್ನೋದು ಅವನ ಆರಂಭದ ಕಾದಂಬರಿ. ಆಗ ಅಚ್ಚಾಗಲೇ ಇಲ್ಲ. ಯುದ್ಧದ ಕಥೆ ಸಾಕು ಅಂತ ಪ್ರಕಾಶಕರಿಗೆ ಅನ್ನಿಸಿತ್ತು. ಅದು ಪುಸ್ತಕವಾದದ್ದು 1992ರಲ್ಲಿ, ಬೋಲ್ ಸತ್ತು ಏಳು ವರ್ಷ ಆದ ಮೇಲೆ.

ನಾನು ಮೊದಲು ಓದಿದ್ದು 'ಆ ಮೊದಲ ವರ್ಷಗಳ ರೊಟ್ಟಿ', 1955ರದ್ದು. ಇಂಗ್ಲಿಷಿನಲ್ಲಿ. ಚಿಕ್ಕ ಪುಸ್ತಕ, ಟ್ರೇನಲ್ಲಿ ಆಫೀಸಿಗೆ ಹೋಗಿಬರುವ ಎರಡು ದಿನಕ್ಕೆ ಮುಗೀತು. ನಾಯಕ ವಾಷಿಂಗ್ ಮಷೀನ್ ರಿಪೇರಿ ಮಾಡುವ ಹುಡುಗ. ಕೈತುಂಬ ಸಂಪಾದನೆ, ಕಾರಿದೆ. ಆದರೆ ಹದಿಹರೆಯದಲ್ಲಿ ಹಸಿದದ್ದು ಹೋಗಿಲ್ಲ. ಯಾರನ್ನು ನೋಡಿದರೂ ಅವನ ತಲೆಯಲ್ಲಿ ಓಡೋದು ಒಂದೇ ಲೆಕ್ಕ: ಇವರು ಆಗ ನನಗೆ ರೊಟ್ಟಿ ಕೊಟ್ಟಿದ್ದರಾ, ಇಲ್ಲವಾ? ಮಾಲೀಕ, ಅವನ ಮಗಳು, ಪರಿಚಯದವರು, ಎಲ್ಲರೂ ಆ ತಕ್ಕಡಿಯಲ್ಲೇ ತೂಗಿಸಿಕೊಳ್ತಾರೆ. ಲೇಖಕ ನಡುವೆ ಬಂದು ಇವನಿಗೆ ಹಸಿವಿನ ನೋವಿದೆ ಅಂತ ಹೇಳಲ್ಲ. ಹಸಿವು ಅವನ ಕಣ್ಣಲ್ಲೇ ಇದೆ, ಅದರಿಂದಲೇ ಅವನು ಊರು ನೋಡೋದು. ನಾವು ಅವನ ಕಣ್ಣಿನ ಹಿಂದೆ ಕೂತಿರ್ತೀವಿ.

ಅದಕ್ಕಿಂತಲೂ ನನಗೆ ಹಿಡಿಸಿದ್ದು 1953ರ 'ಒಂದು ಮಾತೂ ಆಡಲಿಲ್ಲ'. ಗಂಡ ಫ್ರೆಡ್, ಹೆಂಡತಿ ಕೇಟೆ, ಮಕ್ಕಳು, ಎಲ್ಲರಿಗೂ ಸೇರಿ ಒಂದೇ ರೂಮು. ಗಂಡ ತಡೆಯಲಾರದೆ ಮನೆ ಬಿಟ್ಟಿದ್ದಾನೆ. ಇಬ್ಬರೂ ಅಗ್ಗದ ಹೋಟೆಲಲ್ಲಿ ಆಗೀಗ ಭೇಟಿಯಾಗ್ತಾರೆ. ಒಂದು ಅಧ್ಯಾಯ ಅವನು ಹೇಳ್ತಾನೆ, ಇನ್ನೊಂದು ಅವಳು. ಊರಲ್ಲಿ ಔಷಧಿ ಅಂಗಡಿಯವರ ಸಮ್ಮೇಳನ ನಡೀತಿದೆ. ಬಿದ್ದ ಗೋಡೆಗಳ ನಡುವೆ ಎಲ್ಲಿ ನೋಡಿದರೂ ಅದರ ಜಾಹೀರಾತು, ಬೆಳಕಿನ ಅಕ್ಷರ. ಬೀದಿಯಲ್ಲಿ ಚರ್ಚಿನ ಮೆರವಣಿಗೆ. ಅದೇ ಮೆರವಣಿಗೆಯನ್ನು ಅವನೊಂದು ಕಡೆ ನೋಡ್ತಾನೆ, ಅವಳೊಂದು ಕಡೆ. ಕೊನೆಗೆ ಒಂದು ಕಡೆ ಫ್ರೆಡ್ ಜನರ ನಡುವೆ ಒಬ್ಬ ಹೆಂಗಸನ್ನು ನೋಡ್ತಾನೆ. ಏನೋ ಕರುಳು ಹಿಂಡಿದ ಹಾಗಾಗುತ್ತೆ. ಹಿಂದೆಯೇ ಹೋಗ್ತಾನೆ. ಅವಳು ಅವನ ಹೆಂಡತಿ. ಹದಿನೈದು ವರ್ಷ ಜೊತೆಗಿದ್ದವಳನ್ನು ಬೀದಿಯಲ್ಲಿ ಅಪರಿಚಿತಳ ಹಾಗೆ ಕಂಡಾಗಲೇ ಅವನಿಗೆ ಕಾಣಿಸಿದ್ದು. ಆ ಪುಟ ಓದಿ ನಾನು ಇಳಿಯಬೇಕಾದ ಸ್ಟಾಪ್ ಬಿಟ್ಟು ಎರಡು ಸ್ಟಾಪ್ ಮುಂದೆ ಹೋಗಿದ್ದೆ.

ಆ ಊರು ಈಗ ಎಲ್ಲಿದೆ ಅಂತ ಹುಡುಕಿದರೆ ಸಿಗುವ ಜಾಗಗಳು ಕಡಿಮೆ. ಒಂದು ಕೊಲುಂಬಾ ಮ್ಯೂಸಿಯಂ. ಬಾಂಬಿಗೆ ಬಿದ್ದ ಚರ್ಚಿನ ಗೋಡೆಗಳ ಮೇಲೇ ಪೀಟರ್ ಜುಮ್ಟೋರ್ ಅನ್ನೋ ಸ್ವಿಸ್ ವಾಸ್ತುಶಿಲ್ಪಿ ಹೊಸ ಗೋಡೆ ಎಬ್ಬಿಸಿದ್ದಾರೆ, 2007ರಲ್ಲಿ. ಹೊಸ ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟಿದ್ದಾರೆ. ಬೆಳಕು ಜಾಲರಿಯಿಂದ ಸೋರಿದ ಹಾಗೆ ಒಳಗೆ ಬೀಳುತ್ತೆ, ರಸ್ತೆಯ ಸದ್ದೂ ಬರುತ್ತೆ. ಕೆಳಗೆ ಅಗೆದ ಪಾಯಗಳು ಹಾಗೇ ಇವೆ, ಮರದ ಸೇತುವೆಯ ಮೇಲೆ ನಡೆದು ನೋಡಬೇಕು. ಅಲ್ಲೇ ಒಂದು ಪುಟ್ಟ ಚಾಪೆಲ್ ಇದೆ, 1950ರದ್ದು. ಇಡೀ ಚರ್ಚು ಬಿದ್ದರೂ ನಿಂತೇ ಉಳಿದ ಒಂದು ಮೇರಿ ವಿಗ್ರಹಕ್ಕಾಗಿ ಕಟ್ಟಿದ್ದು. ಅಕ್ಕಪಕ್ಕ ಎಲ್ಲ ಶಾಪಿಂಗ್ ಬೀದಿ. ಬ್ಯಾಗ್ ಹಿಡಿದವರು ಒಳಗೆ ಬಂದು ಒಂದು ನಿಮಿಷ ಕೂತು ಹೋಗ್ತಾರೆ.

ಇನ್ನೊಂದು, ಹಳೇ ಸೇಂಟ್ ಆಲ್ಬನ್. ಚಾವಣಿ ಇಲ್ಲದ ಚರ್ಚು, ಬೇಕೆಂದೇ ಹಾಗೆ ಬಿಟ್ಟಿದ್ದು. ಒಳಗೆ ಮಂಡಿಯೂರಿದ ತಾಯಿ ತಂದೆಯ ಎರಡು ಕಲ್ಲಿನ ಮೂರ್ತಿ; ಮೊದಲ ಮಹಾಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಕೇಟೆ ಕೋಲ್ವಿಟ್ಸ್ ಮಾಡಿದ ಮೂಲದ ಪ್ರತಿ. ನಾನು ಹೋದಾಗ ಗೇಟು ಹಾಕಿತ್ತು. ಸರಳುಗಳ ನಡುವಿನಿಂದಲೇ ನೋಡಿದೆ. ತಂದೆ ತನ್ನ ಎರಡೂ ತೋಳನ್ನು ಎದೆಗೆ ಬಿಗಿದುಕೊಂಡಿದ್ದಾನೆ. ತಾಯಿ ಬಾಗಿದ್ದಾಳೆ. ಇಬ್ಬರೂ ಒಬ್ಬರನ್ನೊಬ್ಬರು ನೋಡ್ತಿಲ್ಲ.

ಇಷ್ಟರಲ್ಲಿ ಆಫೀಸಿನ ಸಹೋದ್ಯೋಗಿಯೊಬ್ಬರು, ಈ ಊರಲ್ಲೇ ಬೆಳೆದವರು, ಬೋಲ್ ಸರಿ, ಆದರೆ ವೆಲ್ಲರ್ಸ್‌ಹಾಫ್ ಓದು ಅಂದರು. ಡೀಟರ್ ವೆಲ್ಲರ್ಸ್‌ಹಾಫ್. 1925ರಲ್ಲಿ ಹುಟ್ಟಿ 2018ರಲ್ಲಿ ಇಲ್ಲೇ ತೀರಿಕೊಂಡವರು. ಬೋಲ್ ಪುಸ್ತಕಗಳನ್ನು ತರುತ್ತಿದ್ದ ಕೀಪೆನ್‌ಹೋಯರ್ ಅಂಡ್ ವಿಚ್ ಪ್ರಕಾಶನದಲ್ಲೇ ಬಹಳ ವರ್ಷ ಸಂಪಾದಕ. 1965ರಲ್ಲಿ ಅವರು 'ಹೊಸ ವಾಸ್ತವವಾದ' ಅಂತ ಒಂದು ಘೋಷಣೆ ಮಾಡಿದರು. ಬ್ರಿಂಕ್‌ಮನ್, ಹೆರ್ಬುರ್ಗರ್, ಸೋಯ್ರೆನ್ ಥರದ ಹುಡುಗರು ಸುತ್ತ ಸೇರಿದರು, ಜನ ಅದನ್ನು 'ಕೋಲ್ನ್ ಸ್ಕೂಲ್' ಅಂದರು.

ಅವರ ತಕರಾರು ಏನು ಅಂದರೆ, ಇಡೀ ದೇಶ, ಇಡೀ ಕಾಲ, ಇಡೀ ಪಾಪಪುಣ್ಯವನ್ನು ಒಂದೇ ಕಾದಂಬರಿಯಲ್ಲಿ ಹಿಡೀತೀನಿ ಅನ್ನೋ ಕಥೆಗಳು ಸಾಕು. ಬೋಲ್‌ನ ದೊಡ್ಡ ಕಾದಂಬರಿ ಒಂದಿದೆ, 'ಒಂಬತ್ತೂವರೆಗೆ ಬಿಲಿಯರ್ಡ್ಸ್', 1959ರದ್ದು. ನಡೆಯೋದು 1958ರ ಸೆಪ್ಟೆಂಬರ್ 6ರ ಒಂದೇ ದಿನ. ಅಜ್ಜ ಕಟ್ಟಿದ ಮಠವನ್ನು ಮಗ ಯುದ್ಧದಲ್ಲಿ ಸಿಡಿಸಿದ್ದಾನೆ, ಮೊಮ್ಮಗ ಮತ್ತೆ ಕಟ್ಟುವ ಕೆಲಸಕ್ಕೆ ಸೇರಿದ್ದಾನೆ. ಹಲವು ಜನರ ಕಣ್ಣಿಂದ ಕಥೆ ಸಾಗುತ್ತೆ, ನಿಜ. ಆದರೆ ಮೂರು ತಲೆಮಾರು ಇಷ್ಟು ಒಪ್ಪವಾಗಿ ಹೊಂದಿಕೊಳ್ಳುತ್ತಾ ಅನ್ನೋ ಅನುಮಾನ ನನಗೂ ಬಂದಿತ್ತು. ವೆಲ್ಲರ್ಸ್‌ಹಾಫ್‌ಗೆ ಬೇಕಾದದ್ದು ಚಿಕ್ಕ ತುಣುಕು. ಒಂದು ಮನೆ, ಒಂದು ಊಟದ ಮೇಜು, ಒಂದು ಮಧ್ಯಾಹ್ನ. ಸಿನಿಮಾ ಕ್ಯಾಮೆರಾ ಥರ ಹತ್ತಿರ ಹೋಗು, ದೂರ ನಿಲ್ಲು, ನಿಧಾನ ಮಾಡು. ಒಬ್ಬ ಮನುಷ್ಯನಿಗೆ ಆ ಕ್ಷಣಕ್ಕೆ ಎಷ್ಟು ಕಾಣುತ್ತೋ ಅಷ್ಟನ್ನೇ ಬರಿ. ಅರ್ಥ ಹೇಳೋಕೆ ಹೋಗಬೇಡ.

ಅವರ ಮೊದಲ ಕಾದಂಬರಿ 'ಒಂದು ಸುಂದರ ದಿನ', 1966. ಹಳೇ ಪುಸ್ತಕದ ಅಂಗಡಿಯಲ್ಲಿ ಜರ್ಮನ್‌ನಲ್ಲೇ ಸಿಕ್ಕಿತು. ನನ್ನ ಬಿ-ಒನ್ ಮಟ್ಟದ ಜರ್ಮನ್‌ಗೆ ದಿನಕ್ಕೆ ಮೂರು ಪುಟ, ಅದೂ ಡಿಕ್ಷನರಿ ಇಟ್ಟುಕೊಂಡು. ಕೋಲ್ನ್‌ನ ಒಂದು ಮನೆ. ವಯಸ್ಸಾದ ಅಪ್ಪ, ಬೆಳೆದ ಮಗ, ಬೆಳೆದ ಮಗಳು. ದೊಡ್ಡದೇನೂ ಆಗಲ್ಲ. ಒಬ್ಬರಿಗೊಬ್ಬರು ಎಲ್ಲ ಸರಿಯಿದೆ ಅಂತ ತೋರಿಸಿಕೊಳ್ಳೋದೇ ಆ ಮನೆಯ ದಿನಚರಿ. ಯಾರಿಗೆ ಏನಾಗಿದೆ ಅಂತ ಬಾಯಿಬಿಟ್ಟು ಯಾರೂ ಹೇಳಲ್ಲ, ಲೇಖಕನೂ ಹೇಳಲ್ಲ. ಚಿತ್ತಾಲರ 'ಶಿಕಾರಿ' ಓದಿದವರಿಗೆ ಒಬ್ಬನ ತಲೆಯೊಳಗೇ ಸಿಕ್ಕಿಕೊಳ್ಳುವ ಆ ಉಸಿರುಕಟ್ಟು ಗೊತ್ತಿರುತ್ತೆ. ಇಲ್ಲಿ ಮೂರು ತಲೆ.

ನಿಧಾನವಾಗಿ ಓದೋದರಿಂದ ಒಂದು ಆಯ್ತು. ಪ್ರತಿ ವಸ್ತುವಿನ ಹೆಸರೂ ಡಿಕ್ಷನರಿಯಲ್ಲಿ ಹುಡುಕಬೇಕಲ್ಲ, ವಸ್ತುಗಳೇ ಕಾಣೋಕೆ ಶುರುವಾದವು.

ಪ್ರತಿ ಭಾನುವಾರ ಸಂಜೆ, ಹಾಸನದಲ್ಲಿ ರಾತ್ರಿ ಊಟ ಆಗಿರುವ ಹೊತ್ತಿಗೆ, ಮನೆಗೆ ವಿಡಿಯೋ ಕಾಲ್ ಮಾಡ್ತೀನಿ. ಆ ಭಾನುವಾರವೂ ಮಾಡಿದೆ. ಅಪ್ಪ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. "ಊಟ ಆಯ್ತಾ? ಚಳಿ ಹೆಂಗಿದೆ?" ಅಂದರು. ಅಮ್ಮ ಫೋನ್ ಹಿಡಿದಿದ್ದರು. "ಎಲ್ಲಾ ಚೆನ್ನಾಗಿದೀವಿ ಕಣೋ, ನಿಂದು ಹೇಳು" ಅಂದರು. ಹತ್ತು ನಿಮಿಷ ಮಾತಾಡಿ ಇಟ್ಟೆ.

ಇಟ್ಟ ಮೇಲೆ ಏನೋ ಕೊರೆಯೋಕೆ ಶುರುವಾಯ್ತು. ಅಪ್ಪ ಕೂತು ಮಾತಾಡುವವರೇ ಅಲ್ಲ. ಫೋನ್ ಹಿಡಿದುಕೊಂಡು ಮನೆ ತುಂಬ ಓಡಾಡಿ, ತೆಂಗಿನಮರ ತೋರಿಸಿ, ಪಕ್ಕದ ಮನೆಯ ಹೊಸ ಕಾಂಪೌಂಡ್ ತೋರಿಸಿ, ನನಗೆ ತಲೆ ತಿರುಗಿಸುವವರು. ಹಿಂದಿನ ಭಾನುವಾರ? ಅವತ್ತೂ ಮಂಚ. ಅದರ ಹಿಂದಿನದು? ಅವತ್ತೂ ಅದೇ ಗೋಡೆ. ಆ ಗೋಡೆಯ ಮೇಲೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇದೆ. ಬೆಳಿಗ್ಗೆ ಸ್ನಾನ ಮಾಡಿ ಬಂದು ಹಾಳೆ ಹರಿಯೋದು ಅಪ್ಪನ ಕೆಲಸ, ನಾನು ಹುಟ್ಟಿದಾಗಿನಿಂದ ಬೇರೆ ಯಾರೂ ಮುಟ್ಟಿಲ್ಲ. ಮಾತಿನ ನಡುವೆ ತೆಗೆದ ಒಂದು ಸ್ಕ್ರೀನ್‌ಶಾಟ್ ಇತ್ತು. ದೊಡ್ಡದು ಮಾಡಿ ನೋಡಿದೆ. ಹತ್ತೊಂಬತ್ತು ದಿನ ಹಿಂದೆ ನಿಂತಿತ್ತು.

ಮತ್ತೆ ಫೋನ್ ಮಾಡಿ ಕೇಳಬಹುದಿತ್ತು. ಮಾಡಲಿಲ್ಲ. ಕೇಳಿದರೆ "ಏನಿಲ್ಲ ಕಣೋ" ಅನ್ನೋ ಉತ್ತರ ಸಿದ್ಧವಾಗಿರುತ್ತೆ ಅಂತ ಗೊತ್ತಿತ್ತು. ನಾನೇನು ಕಡಿಮೆಯಲ್ಲ. ಹೋದ ವರ್ಷ ನನ್ನ ಪ್ರಾಜೆಕ್ಟ್ ನಿಂತು ನಾಲ್ಕು ತಿಂಗಳು ಕೆಲಸ ಇರುತ್ತೋ ಹೋಗುತ್ತೋ ಅಂತ ನಿದ್ದೆ ಇಲ್ಲದೆ ಕಳೆದಾಗ, ಪ್ರತಿ ಭಾನುವಾರವೂ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಕ್ಯಾಮೆರಾ ಮುಂದೆ ಕೂತವನು ನಾನೇ.

ಆ ವಾರ ಮನಸ್ಸು ನಿಲ್ಲದೆ ಊರಿನ ದಕ್ಷಿಣಕ್ಕೆ ನಡೆದುಕೊಂಡು ಹೋದೆ. ಬೋಲ್ ಹುಟ್ಟಿದ್ದು ಆ ಕಡೆಯೇ. ಸೆವೆರಿನ್ ರಸ್ತೆ ಶುರುವಾಗುವ ಕಡೆ, ವೈಡ್‌ಮಾರ್ಕ್ಟ್ ಹತ್ತಿರ, ಒಂದು ಜಾಗ ಇದೆ. ಅಲ್ಲಿ ನಗರದ ದಾಖಲೆಗಳ ಭಂಡಾರ ಇತ್ತು. ಸಾವಿರ ವರ್ಷಕ್ಕೂ ಹಳೆಯ ಪತ್ರಗಳಿಂದ ಹಿಡಿದು ಸುಮಾರು 30 ಕಿಲೋಮೀಟರ್ ಉದ್ದಕ್ಕೆ ಕಪಾಟಿನಲ್ಲಿ ಜೋಡಿಸುವಷ್ಟು ಕಾಗದ. ಯುದ್ಧದಲ್ಲಿ ಇಡೀ ಊರು ಬಿದ್ದರೂ ಆ ಕಾಗದಗಳು ಉಳಿದಿದ್ದವು. 2009ರ ಮಾರ್ಚ್ 3ರ ಮಧ್ಯಾಹ್ನ, ಕೆಳಗೆ ಮೆಟ್ರೋ ಸುರಂಗದ ಕೆಲಸ ನಡೀತಿದ್ದಾಗ, ನೆಲ ಜಾರಿ ಇಡೀ ಕಟ್ಟಡ ಗುಂಡಿಗೆ ಕುಸಿಯಿತು. ಕೆಲಸಗಾರರು ಕೂಗಿ ಎಚ್ಚರಿಸಿದ್ದರಿಂದ ಒಳಗಿದ್ದವರು ಓಡಿ ಬಚಾವಾದರು. ಪಕ್ಕದ ಮನೆಗಳಲ್ಲಿದ್ದ ಇಬ್ಬರು ಯುವಕರು ಸತ್ತರು. ಅದಕ್ಕೆ ಕೆಲವೇ ವಾರ ಮುಂಚೆ ನಗರ ಬೋಲ್‌ನ ಕಾಗದಪತ್ರಗಳನ್ನು ಕೊಂಡು ಅಲ್ಲಿಗೆ ಸೇರಿಸಿತ್ತು.

ಬಹುಪಾಲು ಕಾಗದ ಮಣ್ಣಿಂದ, ನೀರಿಂದ ಎತ್ತಿದರು. ತುಂಡು ತುಂಡು ಹೊಂದಿಸುವ ಕೆಲಸ ಇನ್ನೂ ದಶಕಗಟ್ಟಲೆ ಇದೆ. 2021ರಲ್ಲಿ ಹೊಸ ಕಟ್ಟಡ ಬೇರೆ ಕಡೆ ತೆರೆದಿದೆ. ಹಳೇ ಜಾಗದಲ್ಲಿ ನಾನು ಕಂಡದ್ದು ಬೇಲಿ. ಎದುರಿನ ಮನೆಯ ಬಾಲ್ಕನಿಯಲ್ಲಿ ಅಜ್ಜಿಯೊಬ್ಬರು ಜೆರೇನಿಯಂ ಗಿಡಕ್ಕೆ ನೀರು ಹಾಕ್ತಿದ್ದರು.

ಶಾರ್ಗೆಸ್‌ಹೈಮರ್ ಅಂತ ಇಲ್ಲೊಬ್ಬ ಫೋಟೋಗ್ರಾಫರ್ ಇದ್ದ. 1958ರಲ್ಲಿ ಅವನೊಂದು ಪುಸ್ತಕ ಮಾಡಿದ, ಸ್ಟೇಷನ್ ಹತ್ತಿರದ ಒಂದೇ ಬೀದಿಯ ಚಿತ್ರಗಳು. ಕುಡಿಯುವವರು, ಹಬ್ಬ ಮಾಡುವವರು, ಬಾಗಿಲಲ್ಲಿ ನಿಂತ ಹೆಂಗಸರು. ಮುನ್ನುಡಿ ಬೋಲ್‌ನದು. ಆಮೇಲೆ ಆ ಬೀದಿಯನ್ನು ಒಂದು ಅಗಲ ರಸ್ತೆ ಸೀಳಿತು. 1970ರಲ್ಲಿ ಅದೇ ಶಾರ್ಗೆಸ್‌ಹೈಮರ್ ಇನ್ನೊಂದು ಪುಸ್ತಕ ತಂದ, 'ಕೋಲ್ನ್ 5 ಗಂಟೆ 30'. ಬೆಳಗಿನ ಐದೂವರೆಯ ಬೀದಿಗಳು. ಒಬ್ಬ ಮನುಷ್ಯನಿಲ್ಲ. ಟಾರು, ಬಿಳಿ ಗೆರೆ, ಸಿಗ್ನಲ್ ಕಂಬ, ಯುದ್ಧದ ಮೇಲೆ ಎಬ್ಬಿಸಿದ ಕಾಂಕ್ರೀಟು. ಹಗಲಲ್ಲಿ ಅಂಗಡಿ, ಜನ, ಟ್ರಾಮ್ ನಡುವೆ ಕಾಣದ ಊರು ಅದರಲ್ಲಿ ಪೂರ್ತಿ ಕಾಣುತ್ತೆ. ಬರವಣಿಗೆಯಲ್ಲಿ ವೆಲ್ಲರ್ಸ್‌ಹಾಫ್ ಕೇಳಿದ್ದು ಇಂಥ ನೋಟವೇ ಅಂತ ನನಗನ್ನಿಸುತ್ತೆ. ಸಾಹಿತ್ಯದ ಪ್ರೊಫೆಸರುಗಳು ಒಪ್ತಾರೋ ಇಲ್ಲವೋ.

ಶುಕ್ರವಾರ ನಾನೂ ಐದು ಗಂಟೆಗೆ ಎದ್ದು ಹೊರಟೆ. ಜೂನ್ ತಿಂಗಳು, ಆಗಲೇ ಬೆಳಕು. ಬೋಲ್ ಚೌಕದಲ್ಲಿ ಆ ಹೊತ್ತಿಗೆ ಕಾವಲಿನವರು ಯಾರೂ ಇರಲಿಲ್ಲ. ನಡುವೆ ನಿಂತು ಬೇಕೆಂದೇ ಎರಡು ಸಲ ಕಾಲು ಬಡಿದೆ. ಕೆಳಗೆ ಖಾಲಿ ಸಭಾಂಗಣ. ನದಿಯ ಮೇಲೆ ಒಂದು ಸರಕಿನ ದೋಣಿ ಹೋಗ್ತಿತ್ತು.

ಇಲ್ಲಿ ಐದೂವರೆ ಅಂದರೆ ಹಾಸನದಲ್ಲಿ ಒಂಬತ್ತು ಗಂಟೆ. ಶುಕ್ರವಾರ ಬೆಳಿಗ್ಗೆ ನಾನು ಯಾವತ್ತೂ ಫೋನ್ ಮಾಡಿದವನಲ್ಲ. ವಿಡಿಯೋ ಕಾಲ್ ಒತ್ತಿದೆ. ಅಮ್ಮ ಗಾಬರಿಯಲ್ಲಿ ಎತ್ತಿದರು, ಕೈ ಒದ್ದೆ, ಫೋನು ವಾಲಾಡ್ತಿತ್ತು. "ಏನಾಯ್ತೋ? ಹುಷಾರಾಗಿದೀಯ ತಾನೆ?" ಅಂದರು. ಅವರ ಹೆಗಲ ಹಿಂದೆ ನಡುಮನೆ ಪೂರ್ತಿ ಕಾಣ್ತಿತ್ತು. ಅಪ್ಪ ವಾಕರ್ ಹಿಡಿದು ನಿಂತಿದ್ದರು. ಒಂದು ಹೆಜ್ಜೆ ಇಟ್ಟು ನಿಂತು, ಇನ್ನೊಂದು ಇಡೋಕೆ ನೋಡ್ತಿದ್ದರು. ಪಂಚೆಯ ಕೆಳಗೆ ಮಂಡಿಯಿಂದ ಬ್ಯಾಂಡೇಜು.

ಅಮ್ಮನಿಗೆ ನಾನು ಏನು ನೋಡ್ತಿದೀನಿ ಅಂತ ಗೊತ್ತಾಯ್ತು. ಫೋನ್ ತಿರುಗಿಸೋಕೆ ಹೋದವರು ಸುಮ್ಮನಾದರು. "ಬಚ್ಚಲಲ್ಲಿ ಜಾರಿದ್ರು ಕಣೋ. ಪ್ಲೇಟ್ ಹಾಕಿದಾರೆ. ಈಗ ವಾಸಿ. ಅಷ್ಟು ದೂರ ಕೂತು ನೀನೇನು ಮಾಡ್ತೀಯ ಅಂತ..."

"ನಂದೂ ಒಂದು ಹೇಳೋದಿದೆಯಮ್ಮ, ಹೋದ ವರ್ಷದ್ದು" ಅಂದೆ. "ಮೊದಲು ಅಪ್ಪಂಗೆ ಕೊಡು."

ಅಪ್ಪ ಬಂದು ಕುರ್ಚಿಯಲ್ಲಿ ಕೂರೋಕೆ ಮೂರು ನಿಮಿಷ ಹಿಡೀತು. ಅಷ್ಟು ಹೊತ್ತೂ ವಾಕರ್‌ನ ರಬ್ಬರ್ ಕಾಲು ನೆಲಕ್ಕೆ ತಾಗುವ ಸದ್ದು ಕೇಳಿಸ್ತಿತ್ತು. ಕೂತವರು ಪರದೆ ಹತ್ತಿರ ಬಗ್ಗಿ ನೋಡಿದರು.

"ಅಲ್ಲಿ ಎಷ್ಟು ಗಂಟೆನೋ? ರಸ್ತೇಲಿ ಒಬ್ಬರೂ ಇಲ್ವಲ್ಲ?"

ಕ್ಯಾಮೆರಾ ತಿರುಗಿಸಿ ಚೌಕ, ನದಿ, ಸೇತುವೆ, ಉತ್ತರ ಗೋಪುರ ಎಲ್ಲ ತೋರಿಸಿದೆ. ಅಪ್ಪ ಒಂದೊಂದನ್ನೂ ಏನದು ಅಂತ ಕೇಳ್ತಾ ಹೋದರು.